ನಿರುದ್ಯೋಗ ಭತ್ಯೆಯೂ ಎರಡು ರಾಜ್ಯಗಳ ವೃತ್ತಿ ತೆರಿಗೆಯೂ

ಬಿಟಿಎಂ ಲೇಔಟಿನಿಂದ ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆ ಹಿಡಿದರೆ ಅತ್ತಿಬೆಲೆಯ ಆಚೆಗೆ ತಮಿಳುನಾಡು. ಮನೆ ಇಲ್ಲಿ, ಕಾರ್ಖಾನೆ ಅಲ್ಲಿ ಎಂಬ ನೌಕರರಿಗೆ ಕೊರತೆಯಿಲ್ಲ. ಇಂಥವನೊಬ್ಬನು ಕೆಲಸ ಕಳೆದುಕೊಂಡು, ಕಾರ್ಮಿಕರ ರಾಜ್ಯ ವಿಮಾ ನಿಗಮದ (ಇಎಸ್‌ಐ) ನಿರುದ್ಯೋಗ ಭತ್ಯೆಯನ್ನು ಬೆಂಗಳೂರಿನ ಬ್ಯಾಂಕ್ ಖಾತೆಗೆ ಪಡೆದರೆ ಕರ್ನಾಟಕಕ್ಕೆ ತೆರಿಗೆ ಸಲ್ಲಿಸಬೇಕೇ ಎಂಬ ಪ್ರಶ್ನೆ ಮಾಲೀಕರ ಮುಂದೆಯೂ ಬರುತ್ತದೆ.

ಸಲ್ಲಿಸಬೇಕಾಗಿಲ್ಲ. ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರಕ್ಕೆ ಸೇರಿದ್ದು. ರಾಜ್ಯಕ್ಕಿರುವುದು ವೃತ್ತಿ ತೆರಿಗೆ. ಅದು ವಾಸದ ಮೇಲಲ್ಲ, ದುಡಿಮೆಯ ಮೇಲೆ. ದುಡಿಮೆಯೇ ನಿಂತವನಿಗೆ ಆ ತೆರಿಗೆ ಎಲ್ಲಿಯದು? ಕೇಂದ್ರದ ತೆರಿಗೆಯ ಭಯವೂ ಬೇಡ. ಇಎಸ್‌ಐ ವೇತನ ಮಿತಿ 2017ರಿಂದ ಮಾಸಿಕ 21,000 ರೂ. 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಭತ್ಯೆಯನ್ನು 2020ರಲ್ಲಿ ಸರಾಸರಿ ವೇತನದ ಶೇ. 25ರಿಂದ 50ಕ್ಕೆ ಏರಿಸಲಾಯಿತು. ಗರಿಷ್ಠ 90 ದಿನಕ್ಕೆ ಲೆಕ್ಕ ಹಾಕಿದರೂ ಸುಮಾರು 31,500 ರೂ. ಮಾತ್ರ.

ನಿಜವಾದ ತೊಡಕು ಬೇರೆಡೆ ಇದೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆಯನ್ನು ವಾಣಿಜ್ಯ ತೆರಿಗೆಗಳ ಇಲಾಖೆ ತಿಂಗಳ ಲೆಕ್ಕದಲ್ಲಿ ವಸೂಲು ಮಾಡುತ್ತದೆ. 2023ರ ಏಪ್ರಿಲಿನಿಂದ 25,000 ರೂ.ಗಿಂತ ಕಡಿಮೆ ಸಂಬಳದವರಿಗೆ ವಿನಾಯಿತಿ. ಆದುದರಿಂದ ಇಎಸ್‌ಐ ಮಿತಿಯೊಳಗಿನ ನೌಕರನು ಇಲ್ಲಿ ದುಡಿದರೆ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ಗಡಿಯಾಚೆ ಸ್ಥಳೀಯ ಸಂಸ್ಥೆಗಳು ಅದನ್ನು ಅರ್ಧವರ್ಷಕ್ಕೊಮ್ಮೆ ಪಡೆಯುತ್ತವೆ. ಅಲ್ಲಿ ಅರ್ಧವರ್ಷದ ಆದಾಯ 21,000 ರೂ. ಮೀರಿದರೆ ಸಾಕು. ಮನೆ ಒಂದೇ ಬೀದಿಯಲ್ಲಿದ್ದರೂ ಹೊಸೂರಿಗೆ ಹೋಗುವವನ ಸಂಬಳದಲ್ಲಿ ಮಾತ್ರ ಕಡಿತ!

ಸಂವಿಧಾನದ 276ನೇ ವಿಧಿಯ ವಾರ್ಷಿಕ 2,500 ರೂ. ಮಿತಿ (1988ಕ್ಕೆ ಮುಂಚೆ 250 ರೂ. ಇತ್ತು) ಇಲ್ಲಿ ನೆರವಿಗೆ ಬಾರದು, ಅದು ಆಯಾ ರಾಜ್ಯಕ್ಕೆ ಪ್ರತ್ಯೇಕ. ಕೆಲಸ ಕಳೆದುಕೊಂಡವನು ಬಿಟಿಎಂನಲ್ಲಿ ಪುಟ್ಟ ಅಂಗಡಿ ತೆರೆದು ಜಿಎಸ್‌ಟಿ ನೋಂದಣಿ ಪಡೆದರೆ ಕರ್ನಾಟಕದ ವೃತ್ತಿ ತೆರಿಗೆ ಹೊಸದಾಗಿ ಬೀಳುತ್ತದೆ; ಹೊಸೂರಿನಲ್ಲಿ ಕಟ್ಟಿದ್ದು ವಜಾ ಆಗದು. ಮೊತ್ತ ಸಣ್ಣದೆಂದು ತಳ್ಳಿಹಾಕಬಹುದು. ಆದರೆ ಹೊಸದಾಗಿ ಅಂಗಡಿಯಿಟ್ಟವನಿಗೆ ಅದು ಸಣ್ಣದಲ್ಲ. ಅದೇ ವರ್ಷ ನೆರೆರಾಜ್ಯದಲ್ಲಿ ಕಟ್ಟಿದ ರಸೀದಿಗೆ ಮೊದಲ ವರ್ಷದ ಮಟ್ಟಿಗಾದರೂ ರಿಯಾಯಿತಿ ನೀಡುವಂತೆ ವಾಣಿಜ್ಯ ಸಂಸ್ಥೆಗಳು ಸರ್ಕಾರವನ್ನು ಕೇಳುವುದು ನ್ಯಾಯವೇ ಸರಿ.

ಭತ್ಯೆ ಕೈತಪ್ಪುವುದು ಬಹುಪಾಲು ತೆರಿಗೆಯಿಂದಲ್ಲ, ಮಾಲೀಕರ ದಾಖಲೆಗಳಿಂದ. ಕನಿಷ್ಠ ಎರಡು ವರ್ಷದ ವಿಮಿತ ಉದ್ಯೋಗ, ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಮುಂತಾದ ಷರತ್ತುಗಳಿವೆ. ದುರ್ನಡತೆಗಾಗಿ ವಜಾ ಅಥವಾ ಸ್ವಯಂನಿವೃತ್ತಿ ಎಂದು ದಾಖಲಾದರೆ ಭತ್ಯೆ ಇಲ್ಲ. ಆರ್ಡರ್ ಇಲ್ಲದೆ ಜನರನ್ನು ಬಿಡಿಸುವ ಮಾಲೀಕರು ತಮ್ಮ ಅನುಕೂಲಕ್ಕೆ ಬೇರೆ ಕಾರಣ ಬರೆಸಿಕೊಳ್ಳುವುದುಂಟು. ಹಾಗೆ ಬರೆಸುವವರಿಗೆ ಭತ್ಯೆಯ ಲೆಕ್ಕದಲ್ಲಿ ಉಳಿಯುವುದು ಏನೂ ಇಲ್ಲ; ಅದನ್ನು ಕೊಡುವುದು ನಿಗಮ. ಕೆಲಸ ಬಿಟ್ಟ ದಿನಾಂಕ ಮತ್ತು ನಿಜವಾದ ಕಾರಣವನ್ನು ನಿಗಮದ ಜಾಲತಾಣದಲ್ಲಿ ಕೂಡಲೇ ನಮೂದಿಸಿ, ಯೋಜನೆಯ ಅವಧಿ ವಿಸ್ತರಣೆಯಾಗಿದೆಯೇ ಎಂಬುದನ್ನು ಸಮೀಪದ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ ನೌಕರನಿಗೆ ತಿಳಿಸುವುದು ಮಾಲೀಕರಿಗೆ ಅರ್ಧ ಗಂಟೆಯ ಕೆಲಸ.