ಕಾಶಿಗೆ ಹೋಗಿ ಪುತ್ತೂರಿನವರ ಹುಡ್ಕುದೆಂತಕೆ?

"ದಾರಿಲಿ ಗುರ್ತ ಇಲ್ಲದ್ದವರತ್ರೆ ಮಾತಾಡ್ಲಾಗ, ಆರು ಎಂತ ಕೊಟ್ಟರೂ ತಿಂಬಲಾಗ." ಯಾತ್ರೆಗೆ ಹೆರಡುವ ಹೆಮ್ಮಕ್ಕೊಗೆ ನಮ್ಮ ಮನೆಗಳಲ್ಲಿ ಚೀಲ ತುಂಬುಸುವ ಮದಲೇ ತುಂಬುಸುವ ಬುದ್ಧಿಮಾತು ಇದು. ಅರುವತ್ತು ಕಳುದ ಅತ್ತೆಗೂ ಅದನ್ನೇ ಹೇಳ್ತವು, ಕಾಲೇಜಿಂಗೆ ಹೋಪ ಕೂಸಿಂಗೂ ಅದನ್ನೇ. ಪ್ರೀತಿಲೇ ಹೇಳ್ತವು, ಗೊಂತಿದ್ದು. ಆದರೆ ಈ ಮಾತು ಅರ್ಧ ಮಾಂತ್ರ ಸರಿ. ಇನ್ನರ್ಧಂದ ನವಗೆ ನಷ್ಟವೇ ಹೆಚ್ಚು. ರಜ್ಜ ಖಾರವಾಗಿಯೇ ಬರೆತ್ತೆ, ಬೇಜಾರು ಮಾಡೆಡಿ.

ಬುದ್ಧಿಮಾತು ಕೇಳಿದ ನಾವು ಬಾಯಿ ಮುಚ್ಚಿ ಕೂರ್ತೋ? ಇಲ್ಲೆಪ್ಪ! ಹತ್ತರಾಣ ಸೀಟಿಲಿ ನಮ್ಮ ಭಾಷೆಯ ಒಂದು ಶಬ್ದ ಕೆಮಿಗೆ ಬಿದ್ದರೆ ಸಾಕು. "ನಿಂಗಳ ಮನೆ ಎಲ್ಲಿ? ಅಪ್ಪನ ಮನೆ ಎಲ್ಲಿ? ಅವು ನಿಂಗೊಗೆ ಎಂತಾಯೆಕ್ಕು?" ಹೇಳಿ ಸುರು. ಹತ್ತು ನಿಮಿಷಲ್ಲಿ ಅತ್ತಿಗೆಯ ತಂಗೆಯ ನಾದಿನಿ ಹೇಳಿ ಒಂದು ಸಂಬಂಧ ಸಿಕ್ಕುತ್ತು. ಮತ್ತೆ ಅಡಕ್ಕೆಯ ಕ್ರಯ, ಕೊಳೆರೋಗ, ಆರ ಮನೆ ಜೆಂಬಾರಲ್ಲಿ ಎಂತ ಸೀವು ಹೇಳ್ತ ಸುದ್ದಿ. ಇದು ಗೆಳೆತನ ಅಲ್ಲ, ನೆಂಟಸ್ತಿಕೆಯ ಲೆಕ್ಕಾಚಾರ. ಗಂಗೆಯ ಕರೆಲಿ ಕೂದು ಪುತ್ತೂರಿನ ಸುದ್ದಿ ಮಾತಾಡ್ಲೆ ಕಾಶಿವರೆಗೆ ಎಂತಕೆ ಹೋಯೆಕ್ಕು? ಪುತ್ತೂರಿಂಗೆ ಉಪ್ಪಿನಂಗಡಿಂದ ಬೇಕಾದಷ್ಟು ಬಸ್ಸಿದ್ದು.

ಈಗ ಹೆರ ಹೋಪಲೆ ಮದಲಾಣಷ್ಟು ಕಷ್ಟ ಇಲ್ಲೆ. 2022 ನವೆಂಬರ 11ಕ್ಕೆ ಬೆಂಗ್ಳೂರಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲು ಸುರು ಆತು. ಕಾಶಿ, ಅಯೋಧ್ಯೆ, ಪ್ರಯಾಗ ನೋಡಿಕ್ಕಿ ಬಪ್ಪ ಆ ಯಾತ್ರೆ ಅಂಬಗ ಎಂಟು ದಿನದ್ದಾಗಿತ್ತು. ಸುರುವಿಲಿ ಸರಕಾರದ 5,000 ರೂಪಾಯಿ ಸಹಾಯಧನವೂ ಇತ್ತು. 2023 ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಒಳ ಹೆಮ್ಮಕ್ಕೊಗೆ ಟಿಕೇಟಿನ ಪೈಸೆ ಇಲ್ಲೆ. ಹಾಂಗಾಗಿ ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸಿಲಿ ಗದಗ, ಕೊಪ್ಪಳ, ವಿಜಯಪುರ ಹೊಡೆಯ ಹೆಮ್ಮಕ್ಕೊ ನಮ್ಮ ಹತ್ತರೆಯೇ ಕೂರ್ತವು. ಅವರ ಬುತ್ತಿಲಿ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ನಮ್ಮ ಚೀಲಲ್ಲಿ ಹಲಸಿನಕಾಯಿ ಸೋಂಟೆ. ಗೆಂಟು ಬೇನೆ ಅವಕ್ಕೂ ಇದ್ದು, ನವಗೂ ಇದ್ದು. ಆದರೆ ನಾವು ಎಂತ ಮಾಡ್ತು? "ಶಕ್ತಿ ಬಂದ ಮತ್ತೆ ಬಸ್ಸಿಲಿ ಕಾಲು ಮಡುಗಲೆ ಎಡಿತ್ತಿಲ್ಲೆ" ಹೇಳಿ ಮೋರೆ ತಿರುಗುಸುತ್ತು. ನಾವುದೇ ಅದೇ ಪುಕ್ಕಟೆ ಟಿಕೇಟಿಲಿ ಕೂದ್ದದು!

ಇದು ನಮ್ಮ ಹೆರಿಯೋರ ಕ್ರಮ ಅಲ್ಲ. ಜಾಲಿಂಗೆ ಬಂದವಕ್ಕೆ ಹೆಸರು ಕೇಳುವ ಮದಲು ಬೆಲ್ಲ, ನೀರು ಕೊಟ್ಟುಗೊಂಡಿತ್ತಿದ್ದವು. "ಆಸರಿಂಗೆ ಎಂತಾಯೆಕ್ಕು?" ಹೇಳಿ ಕೇಳುಲೆ ಜಾತಕ ನೋಡೆಕ್ಕಾಗಿತ್ತಿಲ್ಲೆ. ನಮ್ಮ ಉಪ್ಪಿನಂಗಡಿಯೇ ದಾರಿಯೋಕರ ಊರು. ಬೆಂಗ್ಳೂರು-ಮಂಗ್ಳೂರು ಹೆದ್ದಾರಿ ಇಲ್ಲಿಂದಾಗಿಯೇ ಹೋಪದು. ಸಹಸ್ರಲಿಂಗೇಶ್ವರನ ಸನ್ನಿಧಿಯ ಸಂಗಮಲ್ಲಿ ಅಪ್ಪ, ಅಬ್ಬೆಯ ಕಾರ್ಯ ಮಾಡ್ಲೆ ಎಲ್ಲೆಲ್ಲಿಂದಲೋ ಜೆನ ಬತ್ತವು. ನೇತ್ರಾವತಿಯೂ ಕುಮಾರಧಾರೆಯೂ ಸೇರುವಗ ಒಂದರ ಗೋತ್ರ ಇನ್ನೊಂದು ಕೇಳ್ತಿಲ್ಲೆ. ಮನೆಗೆ ಬಂದವಕ್ಕೆ ಬೆಲ್ಲ ಕೊಡುವ ನಾವು, ಮನೆಂದ ಹೆರ ಹೋದ ಕೂಡ್ಲೆ ಒಂದು ನೆಗೆ ಕೊಡ್ಲೂ ಹಿಂದೆ ಮುಂದೆ ನೋಡುದೆಂತಕೆ?

ದಾರಿಲಿ ಕಷ್ಟ ಬಂದರೆ ಕೈ ಹಿಡಿವದು ಹತ್ತರೆ ಕೂದವೇ. 2018ರ ಅಗೋಸ್ತು ತಿಂಗಳ ಮಳೆಗೆ ಘಾಟಿಲಿ ಮಣ್ಣು ಜರುದು ಶಿರಾಡಿಯ ಮಾರ್ಗವೂ ನಿಂದತ್ತು, ರೈಲೂ ನಿಂದತ್ತು. 2024 ಜುಲೈ 26ಕ್ಕೆ ಎಡಕುಮೇರಿ ಹೊಡೆಲಿ ಜರುದು ರೈಲು ಪುನಾ ಬಂದ್. ಹಾಂಗಿಪ್ಪ ದಿನ ಘಾಟಿಲಿ ಸಿಕ್ಕಿಬಿದ್ದರೆ ನೀರಿನ ಕುಪ್ಪಿ ಕೊಡುದು ಆರು? ಊರಿನ ಅತ್ತಿಗೆಯೋ? ನಮ್ಮ ಹತ್ತರಾಣ ಮನೆಯ ಅಕ್ಕ ಒಬ್ಬರು ಕಾಶಿಯ ಘಾಟಿನ ಜೆನಸಾಗರಲ್ಲಿ ಗುಂಪಿಂದ ತಪ್ಪಿದವು. ಹಿಂದಿ ಬತ್ತಿಲ್ಲೆ. ಒಟ್ಟಿಂಗೆ ಹೋದ ನೆಂಟ್ರು ಫೊಟೋ ತೆಗವ ಗೌಜಿಲಿ ಇತ್ತಿದ್ದವು. "ಆ ಮಂಗಳೂರ ಅಕ್ಕ ಎಲ್ಲ್ಯದಾರ?" ಹೇಳಿ ಸುರುವಿಂಗೆ ಕೇಳಿದ್ದು ರೈಲಿಲಿ ರೊಟ್ಟಿ ಹಂಚಿ ತಿಂದ ಹಾವೇರಿ ಹೊಡೆಯ ಹೆಮ್ಮಕ್ಕೊ. ಹುಡ್ಕಿ ಕೈ ಹಿಡ್ಕೊಂಡು ಬಂದದೂ ಅವೇ.

"ಬಿಸ್ಕೇಟಿಲಿ ಮದ್ದು ಹಾಕಿ ಚಿನ್ನ ಕದ್ದವು ಹೇಳಿ ಕೇಳಿದ್ದಿಲ್ಲೆಯೋ?" ಹೇಳಿ ನಿಂಗೊ ಕೇಳುವಿ. ಕೇಳಿದ್ದೆ. ಅದು ಲೊಟ್ಟೆ ಅಲ್ಲ, ರೈಲ್ವೆ ಪೋಲೀಸರೇ ಜಾಗ್ರತೆ ಹೇಳ್ತವು. ಅದೇ ಆನು ಸರಿ ಹೇಳಿದ ಅರ್ಧ. ಒಬ್ಬನೇ ಬಂದು ಒತ್ತಾಯ ಮಾಡಿ ಕೊಡುವ ಚಾಯವೇ ಬೇರೆ. ನಾಲ್ಕು ಜೆನ ಹೆಮ್ಮಕ್ಕೊ ನಮ್ಮ ಎದುರೇ ಬುತ್ತಿ ಬಿಡುಸಿ, ಅವುದೇ ತಿಂದೊಂಡು ಕೊಡುವ ರೊಟ್ಟಿಯೇ ಬೇರೆ. ಅಷ್ಟು ವ್ಯತ್ಯಾಸ ಗೊಂತಾಗದ್ದೋರಲ್ಲ ನಾವು. ಮನೆಲಿ ಆರೂ ಇಲ್ಲೆ, ಬೀಗದ ಕೈ ಎಲ್ಲಿದ್ದು, ಬೇಂಕಿಲಿ ಎಷ್ಟಿದ್ದು ಹೇಳಿ ಹೇಳ್ಲಾಗ. ಮೊಬೈಲಿಂಗೆ ಬಂದ ಒಟಿಪಿ ಕೊಡ್ಲಾಗ. ರೈಲಿಲಿ ಹೆದರಿಕೆ ಆದರೆ 139ಕ್ಕೆ ಫೋನು ಮಾಡ್ಲಕ್ಕು. ಜಾಗ್ರತೆ ಬೇರೆ, ಮೋರೆ ತಿರುಗುಸುದು ಬೇರೆ. ಹಾಂಗೆಯೇ ಕಣ್ಣು ಮುಚ್ಚಿ ಸುಮ್ಮನೆ ಕೂದವರ ಎಬ್ಬುಸಿ "ಮಕ್ಕೊ ಎಷ್ಟು? ಇಲ್ಲೆಯೋ? ಎಂತಕೆ?" ಹೇಳಿ ಕೆದಕ್ಕುದೂ ಗೆಳೆತನ ಅಲ್ಲ. ಅದು ಪೋಲೀಸರ ಕೆಲಸ.

"ಊರಿಂಗೆ ಎತ್ತಿದ ಮತ್ತೆ ಆರು ನೆಂಪು ಮಡುಗುತ್ತವು?" ಹೇಳಿ ಇನ್ನೊಂದು ಮಾತು. ಒಳಿಯದ್ದರೆ ಎಂತ ಆತು? ಎಂಟು ದಿನದ ಗೆಳೆತನವೂ ಗೆಳೆತನವೇ. ಮನೆಲಿ ನಾವು ಆರದ್ದೋ ಸೊಸೆ, ಆರದ್ದೋ ಅಬ್ಬೆ, ಇಂತವರ ಮನೆಯೋರು. ನಮ್ಮ ಹೆಸರು ಹಿಡುದು ದಿನುಗೇಳುವವು ಎಷ್ಟು ಜೆನ ಇದ್ದವು? ಗುರ್ತ ಇಲ್ಲದ್ದ ಊರಿನ ಆ ಅಕ್ಕಂಗೆ ನಮ್ಮ ಗೆಂಡನ ತೋಟ ಎಷ್ಟು ಎಕ್ರೆ ಹೇಳಿ ಗೊಂತಿಲ್ಲೆ, ಬೇಕೂ ಇಲ್ಲೆ. ಅವಕ್ಕೆ ಗೊಂತಿಪ್ಪದು ನಮ್ಮ ಹೆಸರು, ನಮ್ಮ ನೆಗೆ, ನಮ್ಮ ಕೈಯ ಸೋಂಟೆಯ ರುಚಿ. ಅಷ್ಟು ಸಾಲದೋ?

ಹಾಂಗಾಗಿ ಬಪ್ಪ ಸರ್ತಿ ಹೆರಡುವಗ ಸೋಂಟೆ ಎರಡು ಮುಷ್ಟಿ ಹೆಚ್ಚು ಕಟ್ಟಿಗೊಳ್ಳಿ. ಹತ್ತರೆ ಕೂದವರತ್ರೆ "ನಿಂಗೊ ಆರಾತು?" ಹೇಳಿ ಸುರು ಮಾಡೆಡಿ. "ಊಟ ಆತೋ?" ಹೇಳಿ ಸುರು ಮಾಡಿ.