ದಿನದ ಪಿಗ್ಮಿ ಬಿಟ್ಟು ಆ್ಯಪ್ ಹಿಡಿಯಬೇಕೇ?

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆ ಅಂಗಡಿಗಳಿಗೆ ತಾವೇ ಹೋಗಿ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ನಮ್ಮ ಸಹಕಾರಿ ಬ್ಯಾಂಕು, ಸೊಸೈಟಿಗಳಲ್ಲಿ ಇನ್ನೂ ನಡೆಯುತ್ತಿದೆ. ಈಗ ಅದೇ ಕೆಲಸಕ್ಕೆ ಆ್ಯಪ್‌ಗಳು ಬಂದಿವೆ. ಯುಪಿಐ ಆಟೋಪೇಯಲ್ಲಿ ದಿನಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ತಾನಾಗಿ ಕಡಿತವಾಗುತ್ತದೆ. 47 ರೂಪಾಯಿ ಕೊಟ್ಟ ಕಡೆ 50 ಎಂದು ಲೆಕ್ಕ ಹಿಡಿದು 3 ರೂಪಾಯಿಯನ್ನು ಕೂಡಿಡುವ ಆ್ಯಪ್‌ಗಳೂ ಇವೆ. ಹೂ ಮಾರುವವರು, ತರಕಾರಿ ಗಾಡಿಯವರು, ಟೈಲರ್‌ಗಳು ಪಿಗ್ಮಿ ನಿಲ್ಲಿಸಿ ಇತ್ತ ಬರಬೇಕೇ?

ಪರ

ಬರಲಿ. ಪಿಗ್ಮಿಯ ಬಗ್ಗೆ ಅಭಿಮಾನವಿದೆ ಎಂದು ಅದರ ದೋಷ ಮುಚ್ಚಿಡಬೇಕಾಗಿಲ್ಲ. ಏಜೆಂಟ್ ಎರಡು ದಿನ ಬಾರದಿದ್ದರೆ ಉಳಿತಾಯವೂ ನಿಂತಿತು. ಕಟ್ಟಿದ ಹಣ ಅಂದೇ ಖಾತೆಗೆ ಸೇರಿತೇ ಎಂಬುದು ಅವನ ಪ್ರಾಮಾಣಿಕತೆಗೆ ಬಿಟ್ಟದ್ದು. ವರ್ಷ ತುಂಬುವ ಮೊದಲೇ ತೆಗೆದರೆ ಹಲವು ಕಡೆ ಬಡ್ಡಿ ಸಿಗುವುದಿಲ್ಲ, ಮೇಲೆ ಕಮಿಷನ್ನೂ ಕಡಿತ. ಆ್ಯಪ್‌ನಲ್ಲಿ ಪ್ರತಿ ರೂಪಾಯಿ ಹೋದ ಗುರುತು ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಉಳಿಯುತ್ತದೆ.

ಆ ಗುರುತಿಗೆ ಬೆಲೆಯಿದೆ. ರಿಸರ್ವ್ ಬ್ಯಾಂಕ್ ನಿಯಮದಡಿ 2021ರಲ್ಲಿ ಚಾಲನೆಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ, ಖಾತೆದಾರ ಒಪ್ಪಿದರೆ ಅವನ ಬ್ಯಾಂಕ್ ವಿವರ ಸಾಲ ಕೊಡುವವರಿಗೆ ನೇರವಾಗಿ ತಲುಪುತ್ತದೆ. ಸಂಬಳದ ಚೀಟಿಯಿಲ್ಲದ, ಪಹಣಿಯಿಲ್ಲದ ವ್ಯಾಪಾರಿಗೆ ತನ್ನ ದುಡಿಮೆಯನ್ನು ತೋರಿಸಲು ಬೇರೆ ಯಾವ ಕಾಗದವಿದೆ?

ಇನ್ನು ಭದ್ರತೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ ಠೇವಣಿದಾರರಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯಲು ಬಿಡಲಿಲ್ಲ. ಪತ್ತಿನ ಸೊಸೈಟಿಗಳಿಗಂತೂ ಠೇವಣಿ ವಿಮೆಯೇ ಇಲ್ಲ. ಪರಿಚಯದವರು ನಡೆಸುವ ಸೊಸೈಟಿ ಎಂಬ ಧೈರ್ಯವೊಂದನ್ನೇ ನಂಬಿ ಇಡೀ ವರ್ಷದ ಉಳಿತಾಯ ಒಪ್ಪಿಸುವುದು ಸರಿಯಲ್ಲ.

ವಿರೋಧ

ಕೊನೆಯ ಮಾತು ನಿಜ. ಪಿಗ್ಮಿ ಕಟ್ಟುವುದಾದರೆ 5 ಲಕ್ಷದವರೆಗೆ ವಿಮೆಯಿರುವ ಬ್ಯಾಂಕಿನಲ್ಲೇ ಕಟ್ಟಬೇಕು. ಆದರೆ ಅದೇ ಪ್ರಶ್ನೆಯನ್ನು ಆ್ಯಪ್‌ಗೂ ಕೇಳೋಣ: ದಿನದ ಹತ್ತು ರೂಪಾಯಿ ಎಲ್ಲಿಗೆ ಹೋಗುತ್ತದೆ? ಇಂಥ ಹಲವು ಆ್ಯಪ್‌ಗಳಲ್ಲಿ ಅದು ಡಿಜಿಟಲ್ ಚಿನ್ನವಾಗುತ್ತದೆ. ಸಾವಿರ ರೂಪಾಯಿಯ ಚಿನ್ನಕ್ಕೆ ಕೊಳ್ಳುವಾಗಲೇ 30 ರೂಪಾಯಿ ಜಿಎಸ್‌ಟಿ. ಮಾರುವ ದರ ಕೊಳ್ಳುವ ದರಕ್ಕಿಂತ ಕಡಿಮೆ. ಇದಕ್ಕೆ ಠೇವಣಿ ವಿಮೆಯಿಲ್ಲ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣದ ಹೊರಗಿದೆ ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯೇ 2025ರ ನವೆಂಬರ್‌ನಲ್ಲಿ ಎಚ್ಚರಿಸಿತು. ಬಡವರ ಚಿಲ್ಲರೆ ಕಾಸನ್ನು ಬೆಲೆ ಏರಿಳಿಯುವ ಸರಕಿಗೆ ಹಾಕಿ ಅದನ್ನು ಉಳಿತಾಯ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಪಿಗ್ಮಿ ಇಷ್ಟು ಕಾಲ ಬಾಳಿದ್ದಕ್ಕೆ ಬಡ್ಡಿ ಕಾರಣವಲ್ಲ. ಸಂಜೆ ವ್ಯಾಪಾರ ಮುಗಿದು ಗಲ್ಲಾಪೆಟ್ಟಿಗೆಯಲ್ಲಿ ಹಣವಿರುವ ಹೊತ್ತಿಗೆ ಏಜೆಂಟ್ ಎದುರು ನಿಲ್ಲುತ್ತಾನೆ. ಸಂತೆಯ ದಿನ ಇನ್ನೂರು, ಮಳೆ ಹಿಡಿದ ದಿನ ಇಪ್ಪತ್ತು, ವ್ಯಾಪಾರವೇ ಇಲ್ಲದಿದ್ದರೆ 'ನಾಳೆ ನೋಡೋಣ ಅಕ್ಕಾ'. ಕೈಗೆ ಬಂದದ್ದಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಉಳಿತಾಯ ಇದು. ಆಟೋಪೇಗೆ ಸಂತೆ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ಇನ್ನೊಂದು: ಹೂ ಮಾರುವ ಎಷ್ಟೋ ಹೆಂಗಸರ ಫೋನು, ಪಿನ್ನು ಎರಡೂ ಮಗನ ಕೈಯಲ್ಲಿರುತ್ತವೆ. ಪಿಗ್ಮಿ ಪುಸ್ತಕವನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಕೊಳ್ಳಬಹುದು.

ಉಳಿತಾಯ ಮಾಡಿಸುವ ಆ್ಯಪ್ ಅದೇ ಪರದೆಯಲ್ಲಿ ಸಾಲವನ್ನೂ ಮುಂದೊಡ್ಡುವುದನ್ನು ನೋಡಿ. ಫೋನಿನಲ್ಲಿರುವ ನಂಬರುಗಳು, ಕಡತಗಳು, ಕರೆಗಳ ವಿವರಕ್ಕೆ ಸಾಲದ ಆ್ಯಪ್‌ಗಳು ಕೈಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಬೇಕಾಗಿ ಬಂತು. ಗುರುತು ಉಳಿಯುವುದು ಒಳ್ಳೆಯದೇ, ಆದರೆ ವ್ಯಾಪಾರಿಗೆ ಅದರ ಭಯವೂ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿದವು. ತಪ್ಪು ಆ್ಯಪ್‌ನದಲ್ಲ, ಆದರೂ ಆ ಭಯವನ್ನು ಕಡೆಗಣಿಸಿ ಯೋಜನೆ ಮಾಡಲಾಗದು.

ಏಜೆಂಟರ ದುಡಿಮೆಯೂ ನೆನಪಿರಲಿ: ಅವರು ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಒಪ್ಪಿಕೊಂಡಿದೆ. ಅವರ ಪ್ರಾಮಾಣಿಕತೆಯ ಪ್ರಶ್ನೆಗೆ ಪರಿಹಾರ ಆಗಲೇ ಬಳಕೆಯಲ್ಲಿದೆ. ಎಷ್ಟೋ ಕಡೆ ಏಜೆಂಟರ ಕೈಯಲ್ಲಿ ಪುಟ್ಟ ಯಂತ್ರವಿದೆ; ಹಣ ಪಡೆದ ತಕ್ಷಣ ರಸೀದಿ ಬರುತ್ತದೆ. ಎಲ್ಲ ಬ್ಯಾಂಕುಗಳೂ ಇದನ್ನು ಕಡ್ಡಾಯ ಮಾಡಲಿ, ಜೊತೆಗೆ ಎಸ್ಎಂಎಸ್ ಕಳಿಸಲಿ, ಅವಧಿಗೆ ಮುನ್ನ ತೆಗೆದವರ ಬಡ್ಡಿ ನುಂಗುವುದನ್ನು ಬಿಡಲಿ. ಆ್ಯಪ್‌ನವರೂ ಹಣ ಯಾರ ಬಳಿ ಇರುತ್ತದೆ, ಮುಳುಗಿದರೆ ಯಾರು ಕೊಡುತ್ತಾರೆ ಎಂಬುದನ್ನು ಮೊದಲ ಪರದೆಯಲ್ಲೇ ಕನ್ನಡದಲ್ಲಿ ಬರೆಯಲಿ. ಅಲ್ಲಿಯವರೆಗೆ ಪಿಗ್ಮಿ ನಿಲ್ಲಿಸಿ ಎಂದು ಯಾವ ಹೂವಿನವಳಿಗೂ ನಾನು ಹೇಳಲಾರೆ.