ತೊರೆಕಾಡನಹಳ್ಳಿಯ ನೀರು ಯಾರಿಗೆ, ಬೋರ್‌ವೆಲ್ಲಿನ ವಿಷ ಯಾರಿಗೆ?

೨೦೨೪ರ ಅಕ್ಟೋಬರ್ ೧೬ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರ್ ಅವರೂ ಕೂಡಿ ಕಾವೇರಿ ಐದನೇ ಹಂತದ ಉದ್ಘಾಟನೆ ನೆರವೇರಿಸಿದರು. ಜಪಾನಿನಿಂದ ಸಾಲ ತಂದು ಕಟ್ಟಿದ ಯೋಜನೆ. ದಿನವೊಂದಕ್ಕೆ ೭೭ ಕೋಟಿ ೫೦ ಲಕ್ಷ ಲೀಟರ್ ನೀರನ್ನು ಇಲ್ಲಿ ಸೋಸಿ, ಔಷಧಿ ಹಾಕಿ, ಮೂರು ಕಡೆ ಪಂಪು ಕೂರಿಸಿ ಮೇಲೆತ್ತಿ, ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಮುಟ್ಟಿಸುವ ಏರ್ಪಾಡು. ಇದು ಐದನೆಯದು. ಮೊದಲನೆಯದು ೧೯೭೪ರಲ್ಲೇ ಆಯಿತು. ಅಂದರೆ ಐವತ್ತು ವರ್ಷಗಳಿಂದ ಮಳವಳ್ಳಿ ತಾಲ್ಲೂಕಿನ ಮಣ್ಣಿನ ಮೇಲೆ ನೀರು ಶುದ್ಧವಾಗುತ್ತಿದೆ, ಶುದ್ಧವಾದದ್ದೇ ಊರು ಬಿಟ್ಟು ಹೋಗುತ್ತಿದೆ.

ಅದೇ ಮಳವಳ್ಳಿಯಲ್ಲಿ, ಪಕ್ಕದ ಮದ್ದೂರಿನಲ್ಲಿ, ಮಂಡ್ಯದ ಸುತ್ತಿನ ಹಳ್ಳಿಗಳಲ್ಲಿ, ಬೋರ್‌ವೆಲ್ಲನ್ನೇ ನಂಬಿ ಕುಳಿತ ಸಂಸಾರಗಳು ಏನು ಕುಡಿಯುತ್ತಿವೆ? ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ಮಂಡ್ಯ ಜಿಲ್ಲೆಯ ಹೆಸರು ಫ್ಲೋರೈಡಿನ ಪಟ್ಟಿಯಲ್ಲೂ ಇದೆ, ನೈಟ್ರೇಟಿನ ಪಟ್ಟಿಯಲ್ಲೂ ಇದೆ. ಪಟ್ಟಿ ಬರೆದವರು ಸರ್ಕಾರದವರೇ, ನಾವಲ್ಲ. ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದವರೂ ಅವರೇ.

ರಾಯಚೂರಿನಲ್ಲಿ ೨೦೨೨ರಲ್ಲಿ ನಗರಸಭೆಯ ನಲ್ಲಿ ನೀರು ಕುಡಿದು ಜನ ಸತ್ತರು. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ೨೦೨೩ರಲ್ಲಿ ಸತ್ತರು. ೨೦೨೪ರಲ್ಲಿ ನಮ್ಮ ನೆರೆಯ ಮೈಸೂರು ತಾಲ್ಲೂಕಿನ ಸಾಲುಂಡಿಯಲ್ಲಿ ವಾಂತಿಭೇದಿ ಹತ್ತಿ ಊರೇ ಆಸ್ಪತ್ರೆಗೆ ಹೋಯಿತು, ಒಬ್ಬ ಯುವಕ ಮನೆಗೆ ಬರಲಿಲ್ಲ. ಆಗ ಮಂತ್ರಿಗಳ ಕಾರು ಬಂತು, ಅಧಿಕಾರಿಗಳ ಜೀಪು ಬಂತು, ಪರಿಹಾರದ ಮಾತು ಬಂತು. ಏಕೆಂದರೆ ಆ ವಿಷ ಎರಡು ದಿನದಲ್ಲಿ ಹೆಣ ಕೆಡವುತ್ತದೆ, ಹೆಣ ಕಂಡರೆ ಪತ್ರಿಕೆಗೆ ಸುದ್ದಿ. ನಮ್ಮ ಕಡೆಯ ಬೋರ್‌ವೆಲ್ಲಿನ ವಿಷಕ್ಕೆ ಆ ಅವಸರವಿಲ್ಲ. ಅದು ಹತ್ತು ವರ್ಷ, ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ಚುನಾವಣೆ ಮುಗಿದಿರುತ್ತವೆ.

ಈ ಫ್ಲೋರೈಡ್ ಎಂಬುದೇನು? ಯಾರೋ ತಂದು ಸುರಿದದ್ದಲ್ಲ. ನಮ್ಮ ನೆಲದಡಿಯ ಕಗ್ಗಲ್ಲಿನಲ್ಲೇ ಅದು ಕುಳಿತಿದೆ. ಮೇಲಿನ ಬಾವಿಗಳು ಬತ್ತಿದವು, ಬೋರಿನವನು ಇನ್ನೂರು ಅಡಿಯಿಂದ ಐನೂರಕ್ಕೆ, ಐನೂರರಿಂದ ಎಂಟುನೂರಕ್ಕೆ ಇಳಿದ. ಆಳದ ನೀರು ಕಲ್ಲಿನ ಬಿರುಕಿನಲ್ಲಿ ಬಹುಕಾಲ ನಿಂತ ನೀರು. ನಿಂತಷ್ಟು ಕಾಲವೂ ಕಲ್ಲಿನ ಉಪ್ಪನ್ನು ಹೀರುತ್ತದೆ. ನೋಟಕ್ಕೆ ತಿಳಿ, ನಾಲಿಗೆಗೂ ಅಷ್ಟಾಗಿ ತಿಳಿಯದು. ಲೀಟರಿಗೆ ಒಂದು ಮಿಲಿಗ್ರಾಮ್ ಮೀರಬಾರದು, ಬೇರೆ ನೀರೇ ಸಿಗದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಗು ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಇಂಥ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ, ಹಲ್ಲುಜ್ಜದೆ ಬಂದಿರೆಂದು ಬೆತ್ತ ತೋರಿಸುತ್ತಿದ್ದವರನ್ನು ಕಂಡಿದ್ದೇವೆ. ಇದ್ದಿಲು ಪುಡಿ ಹಾಕಿ ಉಜ್ಜಿ ಉಜ್ಜಿ ವಸಡು ಕಿತ್ತುಕೊಂಡ ಹೆಣ್ಣುಮಕ್ಕಳಿದ್ದರು. ಆ ಬಣ್ಣ ಹಲ್ಲಿನ ಮೇಲಿನ ಕೊಳೆಯಲ್ಲ, ಹಲ್ಲಿನೊಳಗೇ ಬೆಳೆದದ್ದು. ಉಜ್ಜಿದರೆ ಹೋಗುವುದಿಲ್ಲ.

ಫ್ಲೋರೈಡ್ ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಅದು ಮೂಳೆಗೆ ಇಳಿಯುತ್ತದೆ. ಬೆನ್ನು ಬಾಗದು, ಮಂಡಿ ಮಡಿಸಲಾಗದು, ಕತ್ತು ತಿರುಗದು. ಅದಕ್ಕೆ ವಯಸ್ಸಾಯಿತು ಎನ್ನುತ್ತೇವೆ, ವಾಯು ಎನ್ನುತ್ತೇವೆ, ಎಣ್ಣೆ ತಿಕ್ಕುತ್ತೇವೆ. ಮದರಾಸು ಪ್ರಾಂತದ ತೆಲುಗು ಸೀಮೆಯಲ್ಲಿ ಇದು ನೀರಿನ ರೋಗವೆಂದು ವೈದ್ಯರು ಗುರುತಿಸಿದ್ದು ೧೯೩೭ರಲ್ಲಿ. ಆಗಿನಿಂದ ಈಗಿನವರೆಗೆ ಎಷ್ಟು ಮಂತ್ರಿಮಂಡಲ ಬಂದು ಹೋದವು ಎಂದು ಓದುಗರೇ ಲೆಕ್ಕ ಹಾಕಲಿ.

ಇಲ್ಲಿ ಗಿರಣಿಯ ಕೆಲಸಗಾರರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಒಂದೂವರೆ ಮಿಲಿಗ್ರಾಮ್ ಎಂಬ ಅಂಕಿ ದಿನಕ್ಕೆ ಸುಮಾರು ಎರಡು ಲೀಟರ್ ನೀರು ಕುಡಿಯುವವನನ್ನು ಕಣ್ಣ ಮುಂದಿಟ್ಟುಕೊಂಡು ಹಾಕಿದ್ದು. ಫ್ಯಾನಿನ ಕೆಳಗೆ ಕುಳಿತ ಗುಮಾಸ್ತನಿಗೆ ಅದು ಸರಿ ಇರಬಹುದು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ನಿಂತವನು, ಆಲೆಮನೆಯ ಕೊಪ್ಪರಿಗೆಯಡಿ ಒಲೆಗೆ ಸಿಪ್ಪೆ ತುಂಬುವವನು, ಅಕ್ಕಿ ಗಿರಣಿಯ ಅಂಗಳದಲ್ಲಿ ಮೂಟೆ ಹೊರುವವನು ಎರಡು ಲೀಟರಿನಲ್ಲಿ ದಿನ ಕಳೆಯುತ್ತಾನೆಯೆ? ಐದು ಲೀಟರ್ ಬೇಕು ಅವನಿಗೆ. ಅದೇ ಬೋರ್‌ವೆಲ್ಲು, ಅದೇ ಒಂದೂವರೆ ಮಿಲಿಗ್ರಾಮ್. ಗುಮಾಸ್ತನ ಮೈಗೆ ದಿನಕ್ಕೆ ಮೂರು, ಕೆಲಸಗಾರನ ಮೈಗೆ ಏಳೂವರೆ. ನೀರು ಕುಡಿಯುವ ಪ್ರಮಾಣ ನೋಡಿ ಮಿತಿ ಹಾಕಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬೆವರು ಸುರಿಸುವವನಿಗೇ ವಿಷದ ಪಾಲು ಹೆಚ್ಚು ಬರುವ ಈ ಅಂಕಗಣಿತವನ್ನು ಯಾವ ಕಚೇರಿಯ ಹಲಗೆಯ ಮೇಲೂ ಯಾರೂ ಬಿಡಿಸಿ ತೋರಿಸಿಲ್ಲ.

ನೈಟ್ರೇಟಿನ ಕಥೆ ಬೇರೆ. ಅದು ನಾವೇ ನೆಲಕ್ಕೆ ಹಾಕಿದ್ದು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಕಬ್ಬು ಬಂತು, ಭತ್ತ ಬಂತು, ಚೀಲಗಟ್ಟಲೆ ಯೂರಿಯಾ ಬಂತು. ಬೆಳೆ ಹೀರಿ ಮಿಕ್ಕದ್ದು ಕೆಳಗಿಳಿಯುತ್ತದೆ. ಜೊತೆಗೆ ತಿಪ್ಪೆ, ಕೊಟ್ಟಿಗೆ, ಬೋರ್‌ವೆಲ್ಲಿನ ಮಗ್ಗುಲಲ್ಲೇ ತೋಡಿದ ಪಾಯಿಖಾನೆ ಗುಂಡಿ. ಲೀಟರಿಗೆ ೪೫ ಮಿಲಿಗ್ರಾಮ್ ಎಂಬುದು ಮಿತಿ, ಇದರಲ್ಲಿ ಸಡಿಲಿಕೆಯೇ ಇಲ್ಲ. ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಇಂಥ ನೀರಿನಲ್ಲಿ ಹಾಲಿನಪುಡಿ ಕಲಸಿ ಕೊಟ್ಟರೆ ರಕ್ತ ಉಸಿರನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ರೈತನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹೆಚ್ಚು ಹಾಕು, ಹೆಚ್ಚು ಬೆಳೆ ಎಂದು ಅವನಿಗೆ ಬೋಧಿಸಿದವರು ಕೃಷಿ ಇಲಾಖೆಯವರು ಮತ್ತು ಗೊಬ್ಬರದ ಕಂಪನಿಗಳು. ಆ ಬೋಧಕರು ಈಗ ಎಲ್ಲಿದ್ದಾರೆ?

ಕಾಯಿಸಿ ಕುಡಿಯಿರಿ, ಆರಿಸಿ ಕುಡಿಯಿರಿ ಎಂಬ ಉಪದೇಶ ಬೇರೆ. ಸಾಲುಂಡಿಯ ರೋಗಾಣುವಿಗೆ ಅದು ಮದ್ದು, ನಿಜ. ಫ್ಲೋರೈಡಿಗೂ ನೈಟ್ರೇಟಿಗೂ ಅಲ್ಲ. ಕಾಯಿಸಿದರೆ ನೀರು ಆವಿಯಾಗಿ ವಿಷ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಇಲ್ಲ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದರೂ ಇಲ್ಲ.

ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯ ಒಂದು ಪೆಟ್ಟಿಗೆ ಅಂಗಡಿ. ಶುದ್ಧ ಕುಡಿಯುವ ನೀರಿನ ಘಟಕ ಎಂದು ಅದರ ಹಣೆಗೆ ಬರೆದರು. ನಾಣ್ಯ ಹಾಕು, ನೀರು ಹಿಡಿ. ಮೊದಲು ಎರಡು ರೂಪಾಯಿ ಎಂದರು, ಆಮೇಲೆ ಐದು ಎಂದರು. ದಿನಕ್ಕೊಂದು ೨೦ ಲೀಟರಿನ ಕ್ಯಾನಿಗೆ ಐದು ರೂಪಾಯಿಯಾದರೆ ವರ್ಷಕ್ಕೆ ೧೮೨೫ ರೂಪಾಯಿ. ಕೂಲಿಯವನ ಮನೆಗೆ ಇದು ಹೊಸ ತೆರಿಗೆ. ನೀರಿನ ಕಂದಾಯ ಪಂಚಾಯಿತಿಗೆ ಕಟ್ಟಿ, ಆ ನೀರು ಕುಡಿಯಲು ಬಾರದೆಂದು ಮತ್ತೊಮ್ಮೆ ಕಟ್ಟುವುದು. ಯಂತ್ರವಾದರೋ ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ನುಗ್ಗಿಸುತ್ತದೆ. ಬಂದದ್ದರಲ್ಲಿ ಅರ್ಧದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಹೊರಕ್ಕೆ ತಳ್ಳುತ್ತದೆ. ತಳ್ಳಿದ ನೀರಿನಲ್ಲಿ ವಿಷ ಎರಡರಷ್ಟು. ಅದು ಪಕ್ಕದ ಚರಂಡಿಗೆ ಬಿದ್ದು ಮತ್ತೆ ಭೂಮಿಗೇ ಇಂಗುತ್ತದೆ. ಪೊರೆ ಸವೆದರೆ ಬದಲಿಸಬೇಕು. ಗುತ್ತಿಗೆದಾರನ ಅವಧಿ ಮುಗಿದ ಮೇಲೆ ಬದಲಿಸುವವರು ಯಾರು? ಎಷ್ಟೋ ಊರುಗಳಲ್ಲಿ ಆ ಪೆಟ್ಟಿಗೆಗಳು ತುಕ್ಕು ಹಿಡಿದು ನಾಯಿ ಮಲಗುವ ನೆರಳಾಗಿವೆ. ಈ ಘಟಕಗಳ ಅವ್ಯವಹಾರದ ಗದ್ದಲ ವಿಧಾನಮಂಡಲದಲ್ಲೇ ನಡೆದಿದೆ, ನಾವು ಹೊಸದಾಗಿ ಎಬ್ಬಿಸಿದ್ದಲ್ಲ.

ಪೆಟ್ಟಿಗೆ ಕೆಟ್ಟ ದಿನದಿಂದ ಖಾಸಗಿ ಕ್ಯಾನಿನವನ ಸುಗ್ಗಿ. ನಮ್ಮ ಚಹದಂಗಡಿಯವರು, ಮಿಲಿಟರಿ ಹೋಟೆಲಿನವರು, ಮದ್ದೂರಿನ ವಡೆ ಅಂಗಡಿಯವರು ಇದನ್ನು ಚೆನ್ನಾಗಿ ಬಲ್ಲರು. ಗಿರಾಕಿ ಕೂತೊಡನೆ ಕೇಳುವುದು, “ಕ್ಯಾನ್ ನೀರಾ ಅಣ್ಣಾ?” ಎಂದು. ಇಡ್ಲಿಯ ಲಾಭ ನೀರಿಗೆ ಹೋಯಿತು. ದೊಡ್ಡ ಹೋಟೆಲಿನವನು ಸ್ವಂತ ಯಂತ್ರ ಹಾಕಿಸಿಕೊಳ್ಳುತ್ತಾನೆ, ತಳ್ಳುಗಾಡಿಯವನು ಏನು ಮಾಡಬೇಕು? ನಲ್ಲಿ ನೀರು ಕೆಟ್ಟಿರುವುದರಿಂದ ಹಣ ಮಾಡುವ ಒಂದು ವರ್ಗ ಹುಟ್ಟಿದ ಮೇಲೆ, ನಲ್ಲಿ ನೀರು ಸರಿಹೋಗಲಿ ಎಂದು ಆ ವರ್ಗ ಬಯಸೀತೆ?

ಮನೆಮನೆಗೆ ನಲ್ಲಿ ಕೊಟ್ಟಿದ್ದೇವಲ್ಲ ಎಂದು ದೆಹಲಿಯವರೂ ಬೆಂಗಳೂರಿನವರೂ ಪೈಪೋಟಿಯಲ್ಲಿ ಹೇಳುತ್ತಾರೆ. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆ, ತಲೆಗೆ ದಿನಕ್ಕೆ ೫೫ ಲೀಟರ್. ೨೦೨೪ಕ್ಕೆ ಮುಗಿಯಬೇಕಿತ್ತು, ಈಗ ೨೦೨೮ ಎನ್ನುತ್ತಾರೆ. ನಲ್ಲಿ ಬಂದುದು ಒಳ್ಳೆಯದೇ, ಕೊಡ ಹೊತ್ತು ಸೊಂಟ ಮುರಿದ ಹೆಂಗಸರಿಗೆ ಗೊತ್ತು ಅದರ ಬೆಲೆ. ಆದರೆ ಅದೇ ಹಳೆಯ ಬೋರ್‌ವೆಲ್ಲಿಗೆ ಹೊಸ ಪೈಪು ಜೋಡಿಸಿದರೆ ಬರುವುದೇನು? ಬೀದಿಯ ತೊಂಬೆಯಲ್ಲಿ ಬರುತ್ತಿದ್ದ ಫ್ಲೋರೈಡ್ ಅಡಿಗೆಮನೆಗೇ ಬರುತ್ತದೆ. ನಲ್ಲಿಗಳನ್ನು ಎಣಿಸಿ ಫಲಕ ಬರೆದರು. ನಲ್ಲಿಯ ಹಿಂದಿನ ನೀರು ನದಿಯದೋ ಬಂಡೆಯಡಿಯದೋ ಎಂಬ ಲೆಕ್ಕವನ್ನು ಫಲಕದಲ್ಲಿ ಬರೆಯಲಿಲ್ಲ.

ಮದ್ದು ಇರುವುದು ತೊರೆಕಾಡನಹಳ್ಳಿಯಲ್ಲಿ. ಹರಿಯುವ ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಅದರ ಕೊಳೆಯನ್ನು ಆಲಂ, ಮರಳು, ಕ್ಲೋರಿನ್ ತೆಗೆಯಬಲ್ಲವು. ಆ ಕೆಲಸ ಅಲ್ಲಿ ಹಗಲಿರುಳು ನಡೆಯುತ್ತಲೇ ಇದೆ. ಬೆಂಗಳೂರಿಗೇ ಸಾಲದು, ನಿಮಗೆಲ್ಲಿಂದ ತರೋಣ ಎನ್ನುತ್ತಾರೆ. ಹಾಗಾದರೆ ಸೀಮೆಸುಣ್ಣ ಹಿಡಿಯೋಣ. ೨೦೧೧ರ ಜನಗಣತಿಯಂತೆ ಇಡೀ ಮಂಡ್ಯ ಜಿಲ್ಲೆಯ ಜನ ೧೮ ಲಕ್ಷ. ತಲೆಗೆ ೫೫ ಲೀಟರ್ ಎಂದರೆ ದಿನಕ್ಕೆ ೯ ಕೋಟಿ ೯೦ ಲಕ್ಷ ಲೀಟರ್. ಐದನೇ ಹಂತವೊಂದರಲ್ಲೇ ಹೋಗುವುದು ೭೭ ಕೋಟಿ ೫೦ ಲಕ್ಷ. ಮಗು ಬುಟ್ಟಿ ಎಲ್ಲ ಸೇರಿ ಇಡೀ ಜಿಲ್ಲೆ ಕುಡಿದು, ಬೇಯಿಸಿ, ಮೀಯಲು ಬೇಕಾದದ್ದು ಅದರ ಎಂಟನೆಯ ಒಂದು ಪಾಲು! ನಾವು ಕೇಳುತ್ತಿರುವುದು ಇಡೀ ಜಿಲ್ಲೆಗೂ ಅಲ್ಲ, ಬೋರ್‌ವೆಲ್ಲೊಂದೇ ಗತಿಯಾದ ಊರುಗಳಿಗೆ ಮಾತ್ರ.

ಬೆಂಗಳೂರಿನ ಮೇಲೆ ನಮಗೆ ಹಗೆಯಿಲ್ಲ. ಅಲ್ಲಿ ಬೀದಿ ಗುಡಿಸುವವರು, ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ಆಟೋ ಓಡಿಸುವವರು ನಮ್ಮ ಮಳವಳ್ಳಿ ಮದ್ದೂರಿನ ಮಕ್ಕಳೇ. ೨೦೨೪ರ ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಓಡಿದವರೂ ಅವರೇ. ಅವರಿಗೆ ನೀರು ಹೋಗಲಿ. ಆದರೆ ಅದೇ ಊರಿನಲ್ಲಿ ಕಾರು ತೊಳೆಯುವುದಕ್ಕೂ ಹುಲ್ಲುಹಾಸು ನೆನೆಸುವುದಕ್ಕೂ ಕಾವೇರಿ ಸುರಿಯುವಾಗ ಹಲಗೂರು ಕಡೆಯ ಕೂಲಿಯವನಿಗೆ ಐದು ರೂಪಾಯಿ ನಾಣ್ಯ ಹುಡುಕು ಎನ್ನುವುದು ಯಾವ ನ್ಯಾಯ?

ಇದು ಹಳೆಯ ಚಾಳಿ. ೧೯೦೨ರಲ್ಲಿ ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ತಂತಿ ಎಳೆದದ್ದು ಕೋಲಾರದ ಚಿನ್ನದ ಗಣಿಗೆ, ಬಿಳಿಯ ಕಂಪನಿಯ ಲಾಭಕ್ಕೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ತಂತಿಯ ಕೆಳಗಿದ್ದ ಹಳ್ಳಿಗಳು ದಶಕಗಟ್ಟಲೆ ಹರಳೆಣ್ಣೆ, ಸೀಮೆಎಣ್ಣೆ ಬುಡ್ಡಿಯಲ್ಲೇ ಸಂಜೆ ಕಳೆದವು. ತಂತಿ ಹೋದಂತೆ ಈಗ ಪೈಪು ಹೋಗಿದೆ. ಆಗ ಆಳುತ್ತಿದ್ದವರು ಮಹಾರಾಜರು, ನಮ್ಮನ್ನು ಕೇಳುವ ಗೊಡವೆ ಅವರಿಗಿರಲಿಲ್ಲ. ಈಗಿನವರು ಕೈಮುಗಿದು ವೋಟು ಕೇಳಿ ಹೋದವರು.

ಶಿಂಷೆಯ ಮಾತನ್ನೂ ಇಲ್ಲಿ ಆಡಬೇಕು. ಮದ್ದೂರನ್ನು ಹಾದು ಕಾವೇರಿ ಸೇರುವ ಹೊಳೆ ಅದು. ಕಾರ್ಖಾನೆಯ ಕೊಳೆ ನೀರನ್ನು ಹೊಳೆಗೆ ಬಿಡಬಾರದೆಂದು ೧೯೭೪ರಿಂದಲೇ ಕಾನೂನಿದೆ, ಅದನ್ನು ನೋಡಿಕೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿಯಿದೆ. ಕಾಕಂಬಿಯಿಂದ ಸಾರಾಯಿ ಇಳಿಸಿ ಉಳಿದ ಕಪ್ಪು ನೀರು ಹಳ್ಳಕ್ಕೆ ಬಿದ್ದರೆ ನೀರಿನ ಉಸಿರೇ ಹೋಗಿ ಮೀನು ತೇಲುತ್ತವೆ. ಬೆಳಕಿಲ್ಲದ ಹೊತ್ತಿನಲ್ಲಿ ಯಾವ ಗೇಟು ಎತ್ತಲಾಗುತ್ತದೆ ಎಂಬುದು ಪಾಳಿಯಲ್ಲಿ ನಿಂತ ಕೆಲಸಗಾರನಿಗೆ ಗೊತ್ತಿರುತ್ತದೆ. ಕಾರ್ಖಾನೆ ಮುಚ್ಚುತ್ತದೆ, ಸುಮ್ಮನಿರು ಎಂದು ಹೆದರಿಸುವವರ ಮಾತಿಗೆ ಅವನು ಬೀಳಬಾರದು. ಕೊಳೆ ನೀರು ಶುದ್ಧಿ ಮಾಡುವ ಖರ್ಚು ಲಾಭದಿಂದ ಹೋಗಬೇಕಾದದ್ದು, ಅವನ ಕೂಲಿಯಿಂದಲ್ಲ.

ಶುದ್ಧ ನೀರು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು ೧೯೯೧ರಲ್ಲೇ ಹೇಳಿತು. ಊರಿಗೆ ನೀರು ಕೊಡುವುದು ಗ್ರಾಮ ಪಂಚಾಯಿತಿಯ ಕಡ್ಡಾಯ ಕರ್ತವ್ಯವೆಂದು ೧೯೯೩ರ ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. ಇಷ್ಟಿದ್ದೂ ಬೈಸಿಕೊಳ್ಳುವವನು ಯಾರು? ಪಾಪದ ನೀರುಗಂಟಿ. ಸಂಬಳ ಕೈಗೆ ಸಿಕ್ಕುವುದೇ ತಡ, ಅವನ ಹತ್ತಿರ ಇರುವುದು ಒಂದು ವಾಲ್ವಿನ ಕೀಲಿ. ಅವನ ಮೇಲೆ ಕೂಗಾಡುವುದನ್ನು ನಮ್ಮ ಜನ ಮೊದಲು ಬಿಡಬೇಕು.

ಕೂಗಬೇಕಾದದ್ದು ಗ್ರಾಮಸಭೆಯಲ್ಲಿ. ಊರಿನ ಪ್ರತಿ ಬೋರ್‌ವೆಲ್ಲಿನ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು, ಅಳಿಸಿಹೋಗದ ಬಣ್ಣದಲ್ಲಿ. ಮಿತಿ ಮೀರಿದ ಊರಿಗೆ ಹೊಳೆಯ ನೀರಿನ ಪೈಪು ಯಾವ ತಾರೀಖಿನೊಳಗೆ ಬರುತ್ತದೆಂದು ಅದೇ ಗೋಡೆಯ ಮೇಲೆ ಇರಬೇಕು. ಅಲ್ಲಿಯವರೆಗೆ ಆ ಊರಿನ ನಾಣ್ಯದ ಪೆಟ್ಟಿಗೆ ನಾಣ್ಯವಿಲ್ಲದೆ ನಡೆಯಬೇಕು. ನೀರು ಪರೀಕ್ಷೆಯ ಕಿಟ್ಟುಗಳನ್ನು ಪಂಚಾಯಿತಿಗಳಿಗೆ ಕೊಟ್ಟಿದ್ದೇವೆ, ಊರಿಗೆ ಐದು ಜನ ಹೆಂಗಸರಿಗೆ ತರಬೇತಿಯನ್ನೂ ಕೊಟ್ಟಿದ್ದೇವೆ ಎಂದು ಸರ್ಕಾರವೇ ಹೇಳುತ್ತದೆ. ಆ ಕಿಟ್ಟು ಎಲ್ಲಿ, ತೆಗೆದು ಮೇಜಿನ ಮೇಲಿಡಿ ಎಂದು ಕೇಳಿ.

ಇಡದಿದ್ದರೆ ನಾವೇ ಮಾಡೋಣ. ಸರ್ಕಾರದ ಪ್ರಯೋಗಶಾಲೆಗಳಲ್ಲಿ ಅಲ್ಪ ಶುಲ್ಕಕ್ಕೆ ಸಾರ್ವಜನಿಕರ ನೀರನ್ನೂ ಪರೀಕ್ಷಿಸಿ ಕೊಡಬೇಕೆಂಬ ನಿಯಮವಿದೆ. ಒಂದು ಲೀಟರಿನ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ. ಬೋರ್‌ವೆಲ್ ಐದು ನಿಮಿಷ ಓಡಿದ ಮೇಲೆ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಊರು, ಬೀದಿ, ತಾರೀಖು, ಹೊತ್ತು ಬರೆದ ಚೀಟಿ ಅಂಟಿಸಿ. ಅದೇ ದಿನ ತಲುಪಿಸಿ, ರಸೀದಿ ಕೇಳಿ ಪಡೆಯಿರಿ. ಬಂದ ವರದಿಯ ಒಂದು ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು ಮುದ್ರೆ ಹಾಕಿಸಿ, ಇನ್ನೊಂದು ಪ್ರತಿಯನ್ನು ನಮಗೆ ಕಳಿಸಿ. ಊರಿನ ಹೆಸರು ಸಮೇತ ಅಂಕಿಗಳನ್ನು ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.